ಕಂಡಷ್ಟನ್ನೇ ಬರೆದವನು

ಮನೆಯ ತಾರಸಿಯ ಮೇಲೆ ಆರಂಗುಲದ ದೂರದರ್ಶಕವೊಂದನ್ನು ನಿಲ್ಲಿಸಿಕೊಂಡು ಗ್ರಹಗಳ ಛಾಯಾಚಿತ್ರ ತೆಗೆಯುವ ಗೀಳು ನನಗೆ ಅಂಟಿಕೊಂಡು ಹಲವು ವರ್ಷಗಳಾದುವು. ಹೊರಗಿನವರಿಗೆ ತೋರುವಷ್ಟು ಸುಲಭವಾದ ಹವ್ಯಾಸವಲ್ಲ ಇದು. ಗುರುಗ್ರಹವು ಬರಿಗಣ್ಣಿಗೆ ಎಷ್ಟು ಪ್ರಜ್ವಲವಾಗಿ ಕಂಡರೂ, ಅದು ನಮಗೆ ಅತ್ಯಂತ ಸಮೀಪದಲ್ಲಿರುವಾಗ ಕೂಡ, ಆಕಾಶದಲ್ಲಿ ಅದರ ಅಗಲ ಹುಣ್ಣಿಮೆಯ ಚಂದ್ರನ ಅಗಲದ ಸುಮಾರು ಮೂವತ್ತೈದರಲ್ಲಿ ಒಂದು ಪಾಲು ಮಾತ್ರ. ನನ್ನ ದೂರದರ್ಶಕದ ಸಂಗಮದೂರ 1200 ಮಿಲಿಮೀಟರು. ಅದರೊಳಗೆ ಮೂಡುವ ಗುರುವಿನ ಬಿಂಬ ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲಿಗೂ ಕಡಮೆ. ಸಾಸಿವೆಯ ಕಾಳೂ ಅದಕ್ಕಿಂತ ದೊಡ್ಡದು. ಇಷ್ಟು ಕಿರಿದಾದ ಬಿಂಬವನ್ನು ಹಿಗ್ಗಿಸಹೊರಟರೆ ಬೆಳಕು ಮಂಕಾಗುತ್ತದೆ. ಬೆಳಕು ಸಾಲದೆಂದು ಹೆಚ್ಚು ಹೊತ್ತು ತೆರೆದಿಟ್ಟರೆ ತಲೆಯ ಮೇಲಣ ಗಾಳಿ ಸುಮ್ಮನಿರುವುದಿಲ್ಲ. ಹರಿಯುವ ನೀರಿನ ತಳದಲ್ಲಿ ಬಿದ್ದ ನಾಣ್ಯದಂತೆ ಗ್ರಹ ತುಳುಕುತ್ತದೆ, ಕದಡುತ್ತದೆ. ಎಲ್ಲೋ ಒಂದು ಕ್ಷಣ ನಿಶ್ಚಲವಾಗಿ ತನ್ನ ಪಟ್ಟೆಗಳನ್ನೆಲ್ಲ ತೋರಿಸಿ ಮತ್ತೆ ಕಲಕಿಹೋಗುತ್ತದೆ.

ಈಗಿನ ಹವ್ಯಾಸಿಗಳು ಈ ತೊಡಕಿಗೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಒಂದು ಚಿತ್ರದ ಬದಲು ಎರಡು ಮೂರು ನಿಮಿಷಗಳಲ್ಲಿ ಸಾವಿರಾರು ಚಿತ್ರಗಳನ್ನು ತೆಗೆಯುತ್ತಾರೆ. ಅದಕ್ಕಿಂತ ಹೆಚ್ಚು ಹೊತ್ತು ತೆಗೆಯುವಂತಿಲ್ಲ. ಗುರುವು ಹತ್ತು ಗಂಟೆಗೂ ಕಡಮೆ ಕಾಲದಲ್ಲಿ ಒಂದು ಸುತ್ತು ತಿರುಗುವುದರಿಂದ ಅದರ ಮೈಮೇಲಿನ ಗುರುತುಗಳು ಅಷ್ಟರಲ್ಲಿಯೇ ಸರಿಯತೊಡಗುತ್ತವೆ. ಹೀಗೆ ತೆಗೆದ ರಾಶಿಯಲ್ಲಿ ಗಾಳಿ ನಿಶ್ಚಲವಾಗಿದ್ದ ಕ್ಷಣದ ಕೆಲವು ನೂರು ಚಿತ್ರಗಳನ್ನು ಗಣಕಯಂತ್ರವು ಆರಿಸಿ, ಒಂದರ ಮೇಲೊಂದನ್ನು ಹೊಂದಿಸಿ, ಒಂದೇ ಚಿತ್ರವನ್ನಾಗಿ ಮಾಡಿಕೊಡುತ್ತದೆ. ಅನಂತರ ಅದರ ರೇಖೆಗಳನ್ನು ತೀಕ್ಷ್ಣಗೊಳಿಸುವ ಕೆಲಸ. ಅಪಾಯವಿರುವುದು ಇಲ್ಲಿ.

2020ರ ಅಕ್ಟೋಬರಿನಲ್ಲಿ ಮಂಗಳಗ್ರಹ ಭೂಮಿಗೆ ಬಹು ಸಮೀಪ ಬಂದಿತ್ತು. ಮಳೆಮೋಡಗಳ ನಡುವೆ ದೊರೆತ ಒಂದು ತಿಳಿರಾತ್ರಿಯಲ್ಲಿ ನಾನು ತೆಗೆದ ಚಿತ್ರದಲ್ಲಿ ಗ್ರಹದ ಪ್ರಕಾಶಮಾನವಾದ ಅಂಚಿನ ಒಳಮಗ್ಗುಲಿಗೆ ಒಂದು ನವುರಾದ ಕಪ್ಪು ಕಮಾನು ಕಾಣಿಸಿತು. ಅದು ಮಂಗಳದ ಅಂಚಿನಲ್ಲಿ ಕವಿದ ಮಂಜಿನ ಪದರವೆಂದು ನಾನು ತರ್ಕಿಸಿದೆ. ಮುಂದೆ ಒಂದು ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ನಡೆದಾಗ ಚಿತ್ರವನ್ನು ದೊಡ್ಡದಾಗಿ ಅಚ್ಚುಹಾಕಿಸಿ ತೂಗುಹಾಕಿ, ಮಂಜಿನ ಕಥೆಯನ್ನು ಮಕ್ಕಳಿಗೆ ಉತ್ಸಾಹದಿಂದ ವಿವರಿಸಿದೆ. ಕೆಲವು ತಿಂಗಳುಗಳ ಮೇಲೆ ನಿಜ ತಿಳಿಯಿತು. ಆ ಕಮಾನು ಮಂಗಳದ್ದಲ್ಲ. ಉಜ್ವಲವಾದ ಅಂಚನ್ನು ಅತಿಯಾಗಿ ತೀಕ್ಷ್ಣಗೊಳಿಸಿದಾಗ ಚಿತ್ರದಲ್ಲಿ ಹುಟ್ಟುವ ಭ್ರಮೆ. ಮೂಲದ ಸಾವಿರಾರು ಚಿತ್ರಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಒಂದರಲ್ಲಿಯೂ ಅದರ ಸುಳಿವಿರಲಿಲ್ಲ.

ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದವನು ಎಡ್ವರ್ಡ್ ಎಮರ್ಸನ್ ಬರ್ನಾರ್ಡ್. ಛಾಯಾಚಿತ್ರದ ಕಸುಬಿನಲ್ಲಿಯೇ ಬೆಳೆದು, ಐದಂಗುಲದ ದೂರದರ್ಶಕದಿಂದ ಮೊದಲುಮಾಡಿ, ತನ್ನ ಕಾಲದ ಅತ್ಯುತ್ತಮ ಆಕಾಶವೀಕ್ಷಕರ ಸಾಲಿಗೆ ಸೇರಿದ ಈ ಅಮೆರಿಕದ ಬಡ ಹುಡುಗನ ಜೀವನವನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ಬರ್ನಾರ್ಡನು ಹುಟ್ಟಿದ್ದು 1857ರ ಡಿಸೆಂಬರ್ 16ರಂದು, ಟೆನೆಸ್ಸೀ ಪ್ರಾಂತದ ನ್ಯಾಶ್‌ವಿಲ್ ನಗರದಲ್ಲಿ. ಮಗು ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದನು. ತಾಯಿ ಮೇಣದ ಹೂಗಳನ್ನು ಮಾಡಿ ಮಾರಿ ಎರಡು ಮಕ್ಕಳನ್ನು ಸಾಕಿದಳು. ಅದು ಅಮೆರಿಕದ ಅಂತರ್ಯುದ್ಧದ ಕಾಲ. ಫಿರಂಗಿಯ ಸದ್ದು, ಹಸಿವು, ಕಾಲರಾ ಇವುಗಳ ನಡುವೆ ಹುಡುಗ ಬೆಳೆದನು. ಶಾಲೆಯ ಮೆಟ್ಟಿಲು ಹತ್ತಿದ್ದು ಎರಡು ತಿಂಗಳು ಮಾತ್ರ. ಓದು ಬರಹ ಕಲಿಸಿದವಳು ತಾಯಿ. ಒಂಬತ್ತು ತುಂಬುವ ಮೊದಲೇ, 1866ರಲ್ಲಿ, ಅವನನ್ನು ಊರಿನ ಒಂದು ಛಾಯಾಚಿತ್ರಶಾಲೆಯಲ್ಲಿ ಕೆಲಸಕ್ಕೆ ಸೇರಿಸಿದರು.

ಆ ಕೆಲಸ ವಿಚಿತ್ರವಾದದ್ದು. ವಿದ್ಯುದ್ದೀಪ ಇನ್ನೂ ಬಳಕೆಗೆ ಬಂದಿರಲಿಲ್ಲ. ಚಿಕ್ಕ ಭಾವಚಿತ್ರಗಳನ್ನು ದೊಡ್ಡದು ಮಾಡಲು ಬಿಸಿಲೇ ಬೇಕು. ಅದಕ್ಕಾಗಿ ಕಟ್ಟಡದ ಮಾಳಿಗೆಯ ಮೇಲೆ ಭಾರಿ ಗಾತ್ರದ ಒಂದು ಯಂತ್ರವನ್ನು ನಿಲ್ಲಿಸಿದ್ದರು. ಅದಕ್ಕೆ ಇಟ್ಟಿದ್ದ ಹೆಸರು ಜುಪಿಟರ್, ಎಂದರೆ ಗುರು. ಸೂರ್ಯ ಸರಿದಂತೆಲ್ಲ ಅದರ ಮುಖವನ್ನೂ ಕೈಯಿಂದ ಚಕ್ರ ತಿರುಗಿಸಿ ಸೂರ್ಯನತ್ತಲೇ ಇರಿಸಬೇಕು. ಹಿಂದೆ ಇದ್ದ ಹುಡುಗರು ಬಿಸಿಲಿನಲ್ಲಿ ನಿದ್ದೆಹೋಗಿ ಕೆಲಸ ಕಳೆದುಕೊಂಡಿದ್ದರು. ಬರ್ನಾರ್ಡ್ ನಿದ್ದೆಹೋಗಲಿಲ್ಲ. ದಿನವಿಡೀ ಸೂರ್ಯನನ್ನು ಹಿಂಬಾಲಿಸುವ ಈ ತಾಳ್ಮೆ ಅವನಿಗೆ ಮುಂದೆ ಒದಗಿದಷ್ಟು ಬೇರಾವ ವಿದ್ಯೆಯೂ ಒದಗಲಿಲ್ಲವೆಂದು ನನ್ನ ಭಾವನೆ. ಸಂಜೆ ಮನೆಗೆ ನಡೆದುಹೋಗುವಾಗ ಹಳದಿ ಛಾಯೆಯ ಒಂದು ತಾರೆ ಉಳಿದ ತಾರೆಗಳ ನಡುವೆ ಮೆಲ್ಲಗೆ ಜಾಗ ಬದಲಿಸುತ್ತಿರುವುದನ್ನು ಹುಡುಗ ತಾನಾಗಿ ಗಮನಿಸಿದ್ದನು. ಅದು ಶನಿಗ್ರಹವೆಂಬುದು ಅವನಿಗೆ ತಿಳಿದದ್ದು ಬಹಳ ಕಾಲದ ಮೇಲೆ.

ಹದಿನೆಂಟರ ವಯಸ್ಸಿನಲ್ಲಿ ಅವನ ಕೈಗೆ ಒಂದು ಪುಸ್ತಕ ಬಿತ್ತು. ಪರಿಚಯದವನೊಬ್ಬ ಎರಡು ಡಾಲರ್ ಸಾಲ ಪಡೆದು, ಒತ್ತೆಯಾಗಿ ಥಾಮಸ್ ಡಿಕ್ ಎಂಬಾತನ ಖಗೋಳಗ್ರಂಥವನ್ನು ಬಿಟ್ಟುಹೋದನು. ಹಣ ಹಿಂದಿರುಗಲಿಲ್ಲ. ದುಡಿದು ಉಣ್ಣುವ ಹುಡುಗನಿಗೆ ಅದು ಸಣ್ಣ ನಷ್ಟವಲ್ಲ. ಆದರೆ ಪುಸ್ತಕದಲ್ಲಿ ನಕ್ಷತ್ರಪಟಗಳಿದ್ದುವು. ಕಿಟಕಿಯ ಬಳಿ ನಿಂತು ಪಟವನ್ನೂ ಆಕಾಶವನ್ನೂ ಹೋಲಿಸುತ್ತ, ಬಾಲ್ಯದಿಂದ ಕಂಡಿದ್ದ ತಾರೆಗಳ ಹೆಸರುಗಳನ್ನು ಅವನು ಒಂದೊಂದಾಗಿ ತಿಳಿದುಕೊಂಡನು. ಮೊದಲು ಗೆಳೆಯನೊಬ್ಬ ಮಾಡಿಕೊಟ್ಟ ಪುಟ್ಟ ದೂರದರ್ಶಕ. ಬಳಿಕ 380 ಡಾಲರ್ ತೆತ್ತು ಕೊಂಡ ಐದಂಗುಲದ ದೂರದರ್ಶಕ. ಆ ಮೊತ್ತ ಅವನ ಒಂದು ವರ್ಷದ ಸಂಬಳದ ಮೂರರಲ್ಲಿ ಎರಡು ಪಾಲು.

1877ರಲ್ಲಿ ವಿಜ್ಞಾನಿಗಳ ಮಹಾಸಭೆಯೊಂದು ನ್ಯಾಶ್‌ವಿಲ್ಲಿನಲ್ಲಿಯೇ ಸೇರಿತು. ಅಮೆರಿಕದ ಖಗೋಳಜ್ಞರಲ್ಲಿ ಅಗ್ರಗಣ್ಯನಾಗಿದ್ದ ಸೈಮನ್ ನ್ಯೂಕೂಂಬ್ ಬಂದಿದ್ದನು. ತನ್ನ ದೂರದರ್ಶಕದಿಂದ ಏನು ಸೇವೆ ಸಾಧ್ಯವೆಂದು ಹುಡುಗ ಹೋಗಿ ಕೇಳಿದನು. ಗಣಿತವೆಷ್ಟು ಬಲ್ಲೆ ಎಂಬುದು ಆ ದೊಡ್ಡವನ ಮೊದಲ ಪ್ರಶ್ನೆ. ಏನೂ ಬಾರದೆಂದು ತಿಳಿದಾಗ, ದೂರದರ್ಶಕವನ್ನು ಬದಿಗಿಟ್ಟು ಮೊದಲು ಗಣಿತ ಕಲಿಯುವಂತೆ ಹೇಳಿದನು. ಅಂಥ ಉಪಕರಣದಿಂದ ಧೂಮಕೇತುಗಳನ್ನು ಹುಡುಕಬಹುದೆಂದೂ ಸೂಚಿಸಿದನು. ಬರ್ನಾರ್ಡನು ಕಂಬವೊಂದರ ಮರೆಗೆ ಹೋಗಿ ಅತ್ತನಂತೆ. ಅತ್ತು ಮುಗಿಸಿದ ಮೇಲೆ ಎರಡು ಮಾತುಗಳನ್ನೂ ನಡೆಸಿದನು. ಸಂಬಳದಲ್ಲಿ ಉಳಿಸಿದ ಹಣದಿಂದ ಗಣಿತಕ್ಕೆ ಉಪಾಧ್ಯಾಯನನ್ನು ಗೊತ್ತುಮಾಡಿಕೊಂಡನು. ರಾತ್ರಿ ಆಕಾಶವನ್ನು ಶೋಧಿಸತೊಡಗಿದನು.

ಆ ಕಾಲದಲ್ಲಿ ವಾರ್ನರ್ ಎಂಬ ಔಷಧ ವ್ಯಾಪಾರಿ ಹೊಸ ಧೂಮಕೇತುವನ್ನು ಕಂಡುಹಿಡಿದ ಅಮೆರಿಕನರಿಗೆ 200 ಡಾಲರ್ ಬಹುಮಾನವನ್ನು ಘೋಷಿಸಿದ್ದನು. 1881ರಲ್ಲಿ ಬರ್ನಾರ್ಡನಿಗೆ ವಿವಾಹವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವನ ಮೊದಲ ಧೂಮಕೇತುವೂ ಸಿಕ್ಕಿತು. ಆ ಬಹುಮಾನವನ್ನು ಮುಂದಿಟ್ಟುಕೊಂಡು ಸಣ್ಣ ಮನೆಯೊಂದನ್ನು ಕಟ್ಟಿಸಿದನು. ಮನೆಯ ಸಾಲದ ಕಂತು ಬಂದು ನಿಂತಾಗಲೆಲ್ಲ ಆಕಾಶದಲ್ಲಿ ಇನ್ನೊಂದು ಧೂಮಕೇತು ದೊರೆತು ಋಣ ತೀರಿಸುತ್ತ ಹೋಯಿತೆಂದು ಹೇಳುತ್ತಾರೆ. ಊರವರು ಅದನ್ನು ಧೂಮಕೇತುವಿನ ಮನೆಯೆಂದೇ ಕರೆದರು.

ಈ ವರ್ಷಗಳಲ್ಲಿ, 1879ರಿಂದ 1886ರವರೆಗೆ, ಅವನು ಐದಂಗುಲದ ದೂರದರ್ಶಕದಿಂದಲೇ ಗುರುಗ್ರಹವನ್ನು ಬಿಡದೆ ನೋಡಿದನು. ಗುರುವಿನ ಮೇಲಣ ಮಹಾ ಕೆಂಪುಚುಕ್ಕೆ ಆಗ ತಾನೇ ಎದ್ದು ಕಾಣತೊಡಗಿತ್ತು. ಅದರ ಬಣ್ಣ ಕುಂದಿದುದನ್ನೂ ಪಟ್ಟೆಗಳು ಬದಲಾದುದನ್ನೂ ಅವನು ಗುರುತಿಸಿ, ಚಿತ್ರ ಬರೆದಿಟ್ಟನು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಛಾಯಾಚಿತ್ರಶಾಲೆಯಲ್ಲಿ ಹದಿನೇಳು ವರ್ಷ ದುಡಿದ ಮನುಷ್ಯ ಗುರುವನ್ನು ದಾಖಲೆಮಾಡಲು ನೆಚ್ಚಿದ್ದು ಕಣ್ಣನ್ನು ಮತ್ತು ಕೈಯನ್ನು. ಗಾಜಿನ ಫಲಕದ ಗುಣದೋಷಗಳು ಅವನಿಗೆ ಕರತಲಾಮಲಕವಾಗಿದ್ದುವು. ಗ್ರಹದ ಬಿಂಬ ಕಿರಿದು. ಫಲಕ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ, ನಿಶ್ಚಲ ಕ್ಷಣದ್ದನ್ನೂ ಕದಡಿದ ಕ್ಷಣದ್ದನ್ನೂ, ಭೇದವಿಲ್ಲದೆ ಒಟ್ಟುಮಾಡಿಬಿಡುತ್ತದೆ. ಕಣ್ಣು ಹಾಗಲ್ಲ. ಅದು ಕಾಯುತ್ತದೆ, ಒಳ್ಳೆಯ ಕ್ಷಣ ಬಂದಾಗ ಹಿಡಿಯುತ್ತದೆ, ಉಳಿದುದನ್ನು ಬಿಡುತ್ತದೆ. ನನ್ನ ಗಣಕಯಂತ್ರ ಸಾವಿರ ಚಿತ್ರಗಳಲ್ಲಿ ಮಾಡುವ ಆಯ್ಕೆಯನ್ನು ಬರ್ನಾರ್ಡನು ಕೊರೆಯುವ ಚಳಿಯಲ್ಲಿ ಒಂದೇ ಕಣ್ಣಿನಿಂದ ಮಾಡುತ್ತಿದ್ದನು.

1883ರಲ್ಲಿ ನ್ಯಾಶ್‌ವಿಲ್ಲಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯ ಅವನಿಗೆ ಅಲ್ಲಿಯ ಸಣ್ಣ ವೇಧಶಾಲೆಯನ್ನು ವಹಿಸಿಕೊಟ್ಟು, ವ್ಯಾಸಂಗಕ್ಕೂ ಅನುಕೂಲ ಕಲ್ಪಿಸಿತು. 1888ರಲ್ಲಿ ಕ್ಯಾಲಿಫೋರ್ನಿಯದ ಹ್ಯಾಮಿಲ್ಟನ್ ಬೆಟ್ಟದ ಮೇಲೆ ಲಿಕ್ ವೇಧಶಾಲೆ ತೆರೆದಾಗ ಮೊದಲ ಸಿಬ್ಬಂದಿಯಲ್ಲಿ ಅವನೂ ಒಬ್ಬನಾದನು. ಅಲ್ಲಿ ಮಸೂರದ ದೂರದರ್ಶಕಗಳಲ್ಲಿ ಆಗ ಜಗತ್ತಿನಲ್ಲಿಯೇ ದೊಡ್ಡದಾದ 36 ಅಂಗುಲದ ದೂರದರ್ಶಕವಿತ್ತು. ಆದರೆ ಅದನ್ನು ಮುಟ್ಟುವ ಹಕ್ಕು ಅವನಿಗೆ ವರ್ಷಗಳ ಕಾಲ ದೊರೆಯಲಿಲ್ಲ. ದೊರೆತ ಚಿಕ್ಕ ಉಪಕರಣಗಳಿಂದಲೇ ಅವನು ಕೆಲಸ ನಡೆಸಿದನು. ಭಾವಚಿತ್ರ ತೆಗೆಯಲೆಂದು ಮಾಡಿದ್ದ ಹಳೆಯ ಆರಂಗುಲದ ಮಸೂರವೊಂದು ವೇಧಶಾಲೆಗೆ ಬಂದಿತ್ತು. 1889ರಲ್ಲಿ ಅದರಿಂದ ಆಕಾಶಗಂಗೆಯ ಚಿತ್ರ ತೆಗೆಯತೊಡಗಿದನು. ಒಂದು ನಕ್ಷತ್ರವನ್ನು ಎಳೆಗಳ ಮೇಲೆ ಹಿಡಿದಿಟ್ಟುಕೊಂಡು ಗಂಟೆಗಟ್ಟಲೆ ಯಂತ್ರವನ್ನು ಕೈಯಿಂದ ತಿದ್ದುತ್ತ ಕೂರಬೇಕು. ಮಾಳಿಗೆಯ ಮೇಲೆ ಸೂರ್ಯನನ್ನು ಹಿಂಬಾಲಿಸಿದ ಹುಡುಗನಿಗೆ ಇದು ಹೊಸದಾಗಿರಲಿಲ್ಲ. ಕಣ್ಣಿಗೆ ಎಂದೂ ಕಾಣದ ತಾರಾಮೇಘಗಳು ಆ ಫಲಕಗಳ ಮೇಲೆ ಮೂಡಿದುವು. ಎಲ್ಲಿ ಫಲಕ ಕಣ್ಣನ್ನು ಮೀರುತ್ತದೆಯೋ ಅಲ್ಲಿ ಅವನು ಫಲಕವನ್ನು ನಂಬಿದನು.

1891ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಪತ್ರಿಕೆಯೊಂದು ಒಂದು ಕಟ್ಟುಕಥೆಯನ್ನು ಹೊರಡಿಸಿತು. ಮನುಷ್ಯನ ಕಣ್ಣಿನ ನೆರವಿಲ್ಲದೆ ತಾನೇ ಧೂಮಕೇತುಗಳನ್ನು ಪತ್ತೆಮಾಡುವ ಯಂತ್ರವನ್ನು ಬರ್ನಾರ್ಡನು ನಿರ್ಮಿಸಿದ್ದಾನೆಂಬುದು ಅದರ ಸಾರ. ಅವನು ಎಷ್ಟು ನಿರಾಕರಿಸಿದರೂ ಜನ ನಂಬಲಿಲ್ಲ. ಕಾಣದುದನ್ನು ಕಂಡೆನೆಂದು ಹೇಳಲಾರದ ಮನುಷ್ಯನಿಗೆ ಮಾಡದುದನ್ನು ಮಾಡಿದೆನೆಂಬ ಕೀರ್ತಿ ಎಷ್ಟು ಕಿರಿಕಿರಿ ಉಂಟುಮಾಡಿರಬೇಕು! ಇಂದು ಧೂಮಕೇತುಗಳಲ್ಲಿ ಹೆಚ್ಚಿನವನ್ನು ಸ್ವಯಂಚಾಲಿತ ದೂರದರ್ಶಕಗಳೇ ಕಂಡುಹಿಡಿಯುತ್ತವೆ ಎಂಬುದು ಕಾಲದ ಚಮತ್ಕಾರ.

1892ರಲ್ಲಿ ಕೊನೆಗೂ ದೊಡ್ಡ ದೂರದರ್ಶಕ ವಾರಕ್ಕೆ ಒಂದು ರಾತ್ರಿ ಅವನ ಪಾಲಿಗೆ ಬಂದಿತು. ಆ ವರ್ಷ ಸೆಪ್ಟೆಂಬರ್ 9, ಶುಕ್ರವಾರ. ಗುರುವಿನ ಕಣ್ಣುಕೋರೈಸುವ ಬೆಳಕನ್ನು ಮರೆಮಾಡಿ ಅದರ ಸುತ್ತ ಹುಡುಕುತ್ತಿದ್ದಾಗ ಅತಿ ಸೂಕ್ಷ್ಮವಾದ ಒಂದು ಬೆಳಕಿನ ಬಿಂದು ಕಾಣಿಸಿತು. ಅವನು ಕೂಡಲೇ ಅಳತೆಗೆ ತೊಡಗಿದನು. ಮರುದಿನ ಮತ್ತೆ ನೋಡಿ ಖಚಿತಮಾಡಿಕೊಂಡನು. ಅದು ಗುರುವಿನ ಐದನೆಯ ಚಂದ್ರ. 1610ರಲ್ಲಿ ಗೆಲಿಲಿಯೋ ನಾಲ್ಕು ಚಂದ್ರರನ್ನು ಕಂಡ ಮೇಲೆ 282 ವರ್ಷಗಳ ಕಾಲ ಯಾರ ಕಣ್ಣಿಗೂ ಬೀಳದಿದ್ದ ಆ ಕಿರಿಯ ಚಂದ್ರ ಗುರುವನ್ನು ಸುಮಾರು ಹನ್ನೆರಡು ಗಂಟೆಗೊಮ್ಮೆ ಸುತ್ತುತ್ತದೆ. ಈಗ ಅದಕ್ಕೆ ಅಮಾಲ್ಥಿಯಾ ಎಂಬ ಹೆಸರು. ಅನಂತರ ದೊರೆತ ಉಪಗ್ರಹಗಳನ್ನೆಲ್ಲ ಮೊದಲು ತೋರಿಸಿದ್ದು ಛಾಯಾಚಿತ್ರ ಅಥವಾ ಆಕಾಶನೌಕೆ. ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿಯೇ ಕಂಡುಹಿಡಿದ ಕೊನೆಯ ಚಂದ್ರ ಇದು. ಛಾಯಾಚಿತ್ರಕಾರನಾಗಿ ಬಾಳನ್ನು ಆರಂಭಿಸಿದವನಿಗೆ ಈ ಗೌರವ ಸಂದದ್ದು ನನಗೆ ಅರ್ಥಪೂರ್ಣವಾಗಿ ತೋರುತ್ತದೆ.

ಆದರೆ ಅವನು ಕಂಡುಹಿಡಿದುದಕ್ಕಿಂತಲೂ, ಎಲ್ಲರೂ ಕಂಡೆವೆಂದಾಗ ತಾನು ಕಾಣಲಿಲ್ಲವೆಂದು ಹೇಳಿದ್ದು ನನಗೆ ಹೆಚ್ಚಿನದು. 1877ರಲ್ಲಿ ಇಟಲಿಯ ಶಿಯಾಪರೆಲ್ಲಿ ಮಂಗಳದ ಮೇಲೆ ನೇರವಾದ ಗೆರೆಗಳನ್ನು ಕಂಡು ವರದಿಮಾಡಿದ ಮೇಲೆ ಲೋಕವೆಲ್ಲ ಆ ಕಾಲುವೆಗಳ ಗುಂಗಿನಲ್ಲಿತ್ತು. 1894ರಲ್ಲಿ ಸಿರಿವಂತನಾದ ಪರ್ಸಿವಲ್ ಲೊವೆಲ್ ಅರಿಜೋನದಲ್ಲಿ ಸ್ವಂತ ವೇಧಶಾಲೆಯನ್ನೇ ಸ್ಥಾಪಿಸಿ, ಬುದ್ಧಿಶಾಲಿಗಳಾದ ಜೀವಿಗಳು ತೋಡಿದ ನಾಲೆಗಳು ಅವು ಎಂದು ಸಾರತೊಡಗಿದನು. ಅದೇ ವರ್ಷ ಬರ್ನಾರ್ಡನು 36 ಅಂಗುಲದ ದೂರದರ್ಶಕದಲ್ಲಿ ಮಂಗಳವನ್ನು ದೀರ್ಘವಾಗಿ ನೋಡಿದನು. ಗಾಳಿ ನಿಶ್ಚಲವಾದ ಕ್ಷಣಗಳಲ್ಲಿ ಗ್ರಹದ ಮೇಲೆ ಚಿತ್ರಿಸಿ ಮುಗಿಸಲಾರದಷ್ಟು ಜಟಿಲವಾದ ವಿವರಗಳು ಅವನಿಗೆ ಕಂಡುವು. ಗೆರೆ ಎಳೆದಂಥ ಕಾಲುವೆಗಳು ಮಾತ್ರ ಕಾಣಲಿಲ್ಲ. ಕಾಣಲಿಲ್ಲವೆಂದೇ ಬರೆದನು. ಲೊವೆಲ್ಲನ ವೇಧಶಾಲೆ 1905ರಲ್ಲಿ ಮಂಗಳದ ಛಾಯಾಚಿತ್ರಗಳನ್ನು ತೆಗೆದು ಕಾಲುವೆಗಳು ಅವುಗಳಲ್ಲಿ ಮೂಡಿವೆಯೆಂದು ಪ್ರಕಟಿಸಿತು. ಕಿರಿದಾದ ಆ ಬಿಂಬಗಳಲ್ಲಿ ನಂಬಿದವರಿಗೆ ಕಾಲುವೆ ಕಂಡಿತು, ನಂಬದವರಿಗೆ ಕಾಣಲಿಲ್ಲ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲವೆಂಬ ಮಾತು ಗ್ರಹಗಳ ವಿಷಯದಲ್ಲಿ ಎಷ್ಟು ದುರ್ಬಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಈ ವೇಳೆಗೆ ಬರ್ನಾರ್ಡನು ಲಿಕ್ ವೇಧಶಾಲೆಯನ್ನು ಬಿಟ್ಟಿದ್ದನು. 1895ರಲ್ಲಿ ಅವನನ್ನು ವಿಸ್ಕಾನ್ಸಿನ್ ಪ್ರಾಂತದಲ್ಲಿ ಕಟ್ಟುತ್ತಿದ್ದ ಯರ್ಕಿಸ್ ವೇಧಶಾಲೆ ಬರಮಾಡಿಕೊಂಡಿತ್ತು. ಅಲ್ಲಿ 40 ಅಂಗುಲದ ದೂರದರ್ಶಕ. 1909ರಲ್ಲಿ ಮಂಗಳ ಸಮೀಪ ಬಂದಾಗ ಅವನು ಅದರಿಂದ ಛಾಯಾಚಿತ್ರಗಳನ್ನು ತೆಗೆದನು. ಹತ್ತೊಂಬತ್ತು ಮೀಟರು ಸಂಗಮದೂರವುಳ್ಳ ಆ ಭಾರಿ ಯಂತ್ರದಲ್ಲಿಯೂ ಮಂಗಳದ ಮೂಲಬಿಂಬದ ಅಗಲ ಎರಡು ಮಿಲಿಮೀಟರಿಗೆ ತುಸು ಹೆಚ್ಚು, ಅಷ್ಟೆ. ಆ ಚಿತ್ರಗಳಲ್ಲಿ ಧ್ರುವದ ಬಿಳುಪೂ ವಿಶಾಲವಾದ ಕಪ್ಪು ಪ್ರದೇಶಗಳೂ ಚೆನ್ನಾಗಿ ಮೂಡಿವೆ, ಕಾಲುವೆಗಳ ಜಾಲವಿಲ್ಲ. 1911ರಲ್ಲಿ ವಿಲ್ಸನ್ ಬೆಟ್ಟದ 60 ಅಂಗುಲದ ದರ್ಪಣದಿಂದ ಅವನು ತೆಗೆದ ಶನಿಯ ಚಿತ್ರ ಬಹುಕಾಲ ಆದರ್ಶವೆನಿಸಿತ್ತು. ಮಂಗಳದ ಕಾಲುವೆಗಳ ವಿವಾದ ನಿಶ್ಚಿತವಾಗಿ ಮುಗಿದದ್ದು 1965ರ ಜುಲೈಯಲ್ಲಿ, ಮ್ಯಾರಿನರ್ 4 ನೌಕೆ ಸಮೀಪದಿಂದ ಕಳುಹಿಸಿದ ಚಿತ್ರಗಳಲ್ಲಿ ಕುಳಿಗಳು ಕಂಡಾಗ. ಆ ಹೊತ್ತಿಗೆ ಬರ್ನಾರ್ಡನು ತೀರಿಹೋಗಿ ನಲವತ್ತೆರಡು ವರ್ಷಗಳಾಗಿದ್ದುವು.

ಇಂಥವನಿಗೂ ತಪ್ಪಲು ತಿಳಿಯದೆ ಹೋಗಲಿಲ್ಲ. ಆಕಾಶಗಂಗೆಯ ಫಲಕಗಳಲ್ಲಿ ಕಾಣುತ್ತಿದ್ದ ಕಪ್ಪು ತೇಪೆಗಳನ್ನು ಅವನು ಮೊದಲು ನಕ್ಷತ್ರಗಳಿಲ್ಲದ ರಂಧ್ರಗಳೆಂದೇ ಎಣಿಸಿದ್ದನು. ವರ್ಷವರ್ಷವೂ ಫಲಕಗಳನ್ನು ಕೂಡಿಸುತ್ತ ಹೋದಂತೆ ಆ ಎಣಿಕೆ ಸಡಲಿತು. ಅಲ್ಲಿರುವುದು ಶೂನ್ಯವಲ್ಲ, ಹಿಂದಿನ ತಾರೆಗಳನ್ನು ಮರೆಮಾಡಿರುವ ಕಪ್ಪು ದ್ರವ್ಯವೆಂಬ ನಿರ್ಣಯಕ್ಕೆ ಅವನು ಬಹು ನಿಧಾನವಾಗಿ ಬಂದನು. 1919ರಲ್ಲಿ ಅಂಥ 182 ಕೃಷ್ಣನೀಹಾರಿಕೆಗಳ ಪಟ್ಟಿಯನ್ನು ಪ್ರಕಟಿಸಿದನು. ತಾನು ಹಿಂದೆ ನುಡಿದುದನ್ನು ತಾನೇ ತಿದ್ದಿಕೊಳ್ಳಲು ಅವನು ನಾಚಲಿಲ್ಲ; ಅವಸರವನ್ನೂ ಪಡಲಿಲ್ಲ. 1916ರಲ್ಲಿ ಹಳೆಯ ಹೊಸ ಫಲಕಗಳನ್ನು ಹೋಲಿಸುತ್ತ ಅತಿ ವೇಗವಾಗಿ ಸರಿಯುವ ಮಂದವಾದ ತಾರೆಯೊಂದನ್ನು ಗುರುತಿಸಿದ್ದೂ ಇದೇ ತಾಳ್ಮೆಯ ಫಲ. ಆರು ಜ್ಯೋತಿರ್ವರ್ಷ ದೂರದ ಆ ತಾರೆಗೆ ಇಂದು ಅವನ ಹೆಸರೇ ಇದೆ.

ಹೆಂಡತಿ 1921ರಲ್ಲಿ ತೀರಿಕೊಂಡಳು. ಅವನು 1923ರ ಫೆಬ್ರವರಿ 6ರಂದು ಕಣ್ಣುಮುಚ್ಚಿದನು. ಆಕಾಶಗಂಗೆಯ ಚಿತ್ರಸಂಪುಟವೊಂದು ಅವನ ಕೊನೆಯ ವರ್ಷಗಳ ಧ್ಯಾನವಾಗಿತ್ತು. ಮುದ್ರಣದಲ್ಲಿ ವಿವರ ಅಳಿದೀತೆಂಬ ಶಂಕೆಯಿಂದ ಅಚ್ಚಿನ ಚಿತ್ರಗಳನ್ನು ಅವನು ಒಪ್ಪಲಿಲ್ಲ. ಪ್ರತಿಯೊಂದು ಪುಟಕ್ಕೂ ನಿಜವಾದ ಛಾಯಾಪ್ರತಿಯನ್ನೇ ಅಂಟಿಸಬೇಕೆಂದು ನಿಶ್ಚಯಿಸಿದನು. ಏಳುನೂರು ಪ್ರತಿಗಳಿಗೆ ಬೇಕಾದ 35,700 ಛಾಯಾಪ್ರತಿಗಳನ್ನು ತಾನೇ ಒಂದೊಂದಾಗಿ ಪರೀಕ್ಷಿಸಿದನು. ಹೆಂಡತಿಯ ಸೋದರನ ಮಗಳು ಮೇರಿ ಕ್ಯಾಲ್ವರ್ಟ್ ಮತ್ತು ಯರ್ಕಿಸ್ ವೇಧಶಾಲೆಯ ನಿರ್ದೇಶಕ ಎಡ್ವಿನ್ ಫ್ರಾಸ್ಟ್ ಉಳಿದ ಕೆಲಸವನ್ನು ಪೂರೈಸಿ 1927ರಲ್ಲಿ ಸಂಪುಟವನ್ನು ಹೊರತಂದರು.

ಅಷ್ಟು ಚಿತ್ರಗಳನ್ನು ಒಂದೊಂದಾಗಿ ಹಿಡಿದು ನೋಡಿದ ಮುದುಕನ ಮುಂದೆ ನನ್ನ ಒಂದು ಚಿತ್ರಕ್ಕೆ ಏನು ಬಿಗುಮಾನ? ನಾನು ಮತ್ತೆ ಆ ಶಾಲೆಗೆ ಹೋದೆ. ಮಂಗಳದ ಅಂಚಿನ ಕಮಾನು ನಾನೇ ಅರಿಯದೆ ಹುಟ್ಟಿಸಿದ್ದೆಂದೂ ಮಂಜಿನ ಕಥೆ ತಪ್ಪೆಂದೂ ಮಕ್ಕಳಿಗೆ ತಿಳಿಸಿದೆ. ಕೆಲವರು ನಕ್ಕರು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, ಹಾಗಾದರೆ ಚಿತ್ರದಲ್ಲಿ ಉಳಿದದ್ದೆಲ್ಲ ನಿಜವೆಂದು ಹೇಗೆ ಗೊತ್ತು ಎಂದು ಕೇಳಿದನು. ನನ್ನ ಬಳಿ ಚಿಕ್ಕ ಉತ್ತರವಿರಲಿಲ್ಲ. ಒಂದು ರಾತ್ರಿ ಕಂಡದ್ದು ಮರುರಾತ್ರಿಯೂ ಕಾಣಬೇಕು, ಬೇರೆಯವರ ದೂರದರ್ಶಕದಲ್ಲಿಯೂ ಕಾಣಬೇಕು, ತೀಕ್ಷ್ಣಗೊಳಿಸುವ ಮೊದಲೇ ಮಸುಕಾಗಿಯಾದರೂ ಇರಬೇಕು ಎಂದೆಲ್ಲ ವಿವರಿಸಿದೆ. ಹುಡುಗ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಅದು ನನಗೆ ಸಂತೋಷವನ್ನೇ ಉಂಟುಮಾಡಿತು.

ಈಗ ಆ ಶಾಲೆಯ ಗೋಡೆಯ ಮೇಲೆ ಎರಡು ಮಂಗಳಗಳು ಪಕ್ಕಪಕ್ಕದಲ್ಲಿ ತೂಗುತ್ತಿವೆ. ಒಂದು ಎಲ್ಲ ಸಂಸ್ಕಾರಗಳೂ ಆದ ಚೆಲುವಾದ ಚಿತ್ರ. ಇನ್ನೊಂದು ಸಾವಿರಾರು ಚಿತ್ರಗಳ ರಾಶಿಯಿಂದ ಹಾಗೆಯೇ ಎತ್ತಿಕೊಂಡದ್ದು. ಮಸುಕಾಗಿದೆ, ಅಂಚು ಅಲುಗಿದೆ, ಕಿತ್ತಳೆ ಬಣ್ಣದ ಮೇಲೆ ಒಂದು ಕಪ್ಪು ನೆರಳಷ್ಟೇ ಕಾಣುತ್ತದೆ. ಆ ರಾತ್ರಿ ದೂರದರ್ಶಕದೊಳಗೆ ಬಂದದ್ದು ಇಷ್ಟೆಂದು ಅದರ ಕೆಳಗೆ ಬರೆಯಿಸಿದ್ದೇನೆ.